ನಾರು ಬಿಗಿಸುತ್ತದೆ, ಹಾರುಬೂದಿ ಸಡಿಲಿಸುತ್ತದೆ: ನನ್ನ ಅನುಭವ

ನಾರು ಹಾಕಿದರೆ ಕಾಂಕ್ರೀಟ್ ಗಟ್ಟಿಯಾಗುತ್ತದೆ ಅನ್ನುವುದು ಅರ್ಧ ಮಾತು. ಬಲ ಪರೀಕ್ಷೆಗೆಂದು ಎರಕ ಹೊಯ್ದು ನಾನು ಒತ್ತಿ ಒಡೆದು ನೋಡಿದ ಕಾಂಕ್ರೀಟ್ ಕ್ಯೂಬ್‌ಗಳಲ್ಲಿ ಉಕ್ಕಿನ ನಾರು ಇದ್ದದ್ದಕ್ಕೂ ಇಲ್ಲದ್ದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ವ್ಯತ್ಯಾಸ ಕಂಡದ್ದು ಬೀಮ್ ಬಾಗಿಸಿದಾಗ. ಸಾದಾ ಬೀಮ್ ಬಿರುಕು ಬಿಟ್ಟ ಕ್ಷಣವೇ ಎರಡು ತುಂಡು. ನಾರಿನ ಬೀಮ್‌ನಲ್ಲಿ ಬಿರುಕು ತಳದಿಂದ ಮೇಲೇರಿ ಬಾಯಿ ಬಿಟ್ಟರೂ ಬೀಮ್ ಭಾರ ಹೊತ್ತೇ ಇತ್ತು. ಬಗ್ಗಿ ನೋಡಿದರೆ ಬಿರುಕಿಗೆ ಅಡ್ಡಲಾಗಿ ನಾರುಗಳು ಹೊಲಿಗೆ ಹಾಕಿದಂತೆ ನಿಂತಿದ್ದವು. ಕೊಕ್ಕೆಯಂತೆ ಬಾಗಿದ್ದ ಅವುಗಳ ತುದಿ ನೆಟ್ಟಗಾಗುತ್ತಾ ಒಂದೊಂದಾಗಿ ಜಾರಿ ಹೊರಬರುತ್ತಿದ್ದವು.

ಕಷ್ಟ ಇರುವುದು ಕಲಸುವುದರಲ್ಲಿ. ಗಾತ್ರದಲ್ಲಿ 1% ಎಂದರೆ ಘನ ಮೀಟರಿಗೆ ಸುಮಾರು 78 ಕೆಜಿ ಉಕ್ಕಿನ ನಾರು. ಒಮ್ಮೆಲೇ ಸುರಿದರೆ ಉಂಡೆ ಕಟ್ಟುತ್ತದೆ, ಕಟ್ಟಿದ ಉಂಡೆ ಎಷ್ಟು ತಿರುಗಿಸಿದರೂ ಬಿಡದು. ಮಿಶ್ರಣ ಹದಕ್ಕೆ ಬಂದ ಮೇಲೆ, ಮಿಕ್ಸರ್ ತಿರುಗುತ್ತಿರುವಾಗಲೇ ಸ್ವಲ್ಪ ಸ್ವಲ್ಪ ಉದುರಿಸುತ್ತೇನೆ. ನಾರು ಬಿದ್ದಂತೆಲ್ಲ ಮಿಶ್ರಣ ಬಿಗಿಯುತ್ತದೆ, ಸ್ಲಂಪ್ (ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತದೆ ಎಂಬ ಅಳತೆ) ಇಳಿಯುತ್ತದೆ. ಆಗ ಎಲ್ಲರ ಕೈಯೂ ನೀರಿನ ಕಡೆಗೇ ಹೋಗುವುದು. ನೀರು ಹೆಚ್ಚಾದರೆ ಗಳಿಸಿದ ಬಲವೆಲ್ಲ ಅಲ್ಲೇ ಹೋಯಿತು.

ಇಲ್ಲಿ ನೆರವಿಗೆ ಬಂದದ್ದು ಕಲ್ಲಿದ್ದಲು ಸ್ಥಾವರದ ಹಾರುಬೂದಿ. ಸಿಮೆಂಟಿನ ತೂಕದಲ್ಲಿ ಕಾಲು ಭಾಗ ತೆಗೆದು ಅಷ್ಟೇ ತೂಕದ ಬೂದಿ ಹಾಕಿದೆ. ಬೂದಿ ಸಿಮೆಂಟಿಗಿಂತ ಹಗುರ, ಹಾಗಾಗಿ ಅದೇ ತೂಕಕ್ಕೆ ಪೇಸ್ಟ್ (ಸಿಮೆಂಟು, ಬೂದಿ, ನೀರು ಸೇರಿದ ಅಂಟು) ಹೆಚ್ಚು ಸಿಗುತ್ತದೆ. ನಾರಿನ ಸುತ್ತ ಮೆತ್ತಿಕೊಳ್ಳಲು ಬೇಕಾದದ್ದೂ ಅದೇ. ಕಣಗಳು ಗುಂಡಗಿರುವುದರಿಂದ ಮಿಶ್ರಣ ಜಾರುತ್ತದೆ. ಉಳಿದ ಕೊರತೆಗೆ ಸೂಪರ್‌ಪ್ಲಾಸ್ಟಿಸೈಸರ್, ಅಂದರೆ ನೀರು ಹೆಚ್ಚಿಸದೆ ಮಿಶ್ರಣವನ್ನು ಸಡಿಲಿಸುವ ರಾಸಾಯನಿಕ. ಬೂದಿ ತೀರಾ ಕಪ್ಪಗಿದ್ದರೆ ಮಾತ್ರ ನನಗೆ ಅನುಮಾನ: ಸುಡದೆ ಉಳಿದ ಇಂಗಾಲ ಹೆಚ್ಚಿದ್ದರೆ ಅದು ಈ ರಾಸಾಯನಿಕವನ್ನು ಹೀರಿಕೊಳ್ಳುತ್ತದೆ.

ಸಿಲಿಕಾನ್ ಕುಲುಮೆಯ ಹೊಗೆಯಿಂದ ಸಿಗುವ ನುಣ್ಣನೆಯ ಪುಡಿ ಸಿಲಿಕಾ ಫ್ಯೂಮ್ ಬೇರೆಯೇ ಸ್ವಭಾವದ್ದು. ಸಿಮೆಂಟ್ ಕಣಕ್ಕಿಂತ ಸುಮಾರು ನೂರು ಪಟ್ಟು ಸಣ್ಣದು, ನಾರಿನ ಹಿಡಿತ ಬಿಗಿಮಾಡುತ್ತದೆ, ಆದರೆ ಮಿಶ್ರಣವನ್ನು ಅಂಟಂಟು ಮಾಡುತ್ತದೆ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನ ಎಳೆಗಳನ್ನು ಘನ ಮೀಟರಿಗೆ 0.9 ಕೆಜಿ ಹಾಕುವುದು ಹಸಿ ಕಾಂಕ್ರೀಟ್ ಒಣಗುವಾಗಿನ ಸಣ್ಣ ಬಿರುಕು ತಡೆಯಲಿಕ್ಕಷ್ಟೇ. ಅದನ್ನು ನಂಬಿ ಉಕ್ಕಿನ ಕಂಬಿ ಹಾಕದೆ ಬಿಡುವವರನ್ನು ಕಂಡರೆ ನನಗೆ ಭಯ.

7 ದಿನದ ಕ್ಯೂಬ್‌ನಲ್ಲಿ ಬಲ ಕಡಿಮೆ ಬಂತೆಂದು ಬೂದಿಯನ್ನು ಬೈಯಬೇಡಿ. ಸಿಮೆಂಟ್ ನೀರು ಕುಡಿದಾಗ ಹುಟ್ಟುವ ಸುಣ್ಣದ ಜೊತೆ ಅದು ನಿಧಾನವಾಗಿ ಬೆರೆತು ಗಟ್ಟಿಯಾಗುತ್ತದೆ, ಬಲ 28 ದಿನ ದಾಟಿಯೂ ಏರುತ್ತದೆ. ಹಾಗಾಗಿ ನಾನು 56 ದಿನಕ್ಕೂ ಕೆಲವು ಕ್ಯೂಬ್ ಎತ್ತಿಡುತ್ತೇನೆ. ಕ್ಯೂರಿಂಗ್‌ನಲ್ಲಿ, ಅಂದರೆ ಕಾಂಕ್ರೀಟನ್ನು ತೇವವಾಗಿಡುವುದರಲ್ಲಿ, ಜಿಪುಣತನ ಮಾಡುವುದಿಲ್ಲ, ಎರಕದ ಅಚ್ಚು (ಫಾರ್ಮ್) ಬಿಚ್ಚಲೂ ಅವಸರ ಮಾಡುವುದಿಲ್ಲ.