ಫೋನಿನಲ್ಲಿ ‘ಇನ್ಫೋ’ ಅಂತ ಕಂಡರೆ ಒತ್ತಿ ನೋಡಿ

ಇನ್ಫೋ ಅಂದರೆ ಇನ್ಫರ್ಮೇಶನ್, ಮಾಹಿತಿ. ಮೆಸೇಜಿನಲ್ಲಿ ‘ಸ್ವಲ್ಪ ಇನ್ಫೋ ಬೇಕಿತ್ತು’ ಅಂತ ಬರೆದರೆ ನಡೆಯುತ್ತದೆ. ಕಚೇರಿಗೆ ಕೊಡುವ ಅರ್ಜಿಯಲ್ಲಿ ‘ಮಾಹಿತಿ’ ಎಂದೇ ಬರೆಯಿರಿ.

ನಿಜವಾಗಿ ಕೆಲಸಕ್ಕೆ ಬರುವುದು ಫೋನಿನೊಳಗಿನ ಇನ್ಫೋ. ಆಂಡ್ರಾಯ್ಡ್‌ನಲ್ಲಿ ಆ್ಯಪಿನ ಐಕಾನ್ ಒತ್ತಿ ಹಿಡಿದರೆ ‘ಆ್ಯಪ್ ಇನ್ಫೋ’ ಅಥವಾ ವೃತ್ತದೊಳಗೆ ಸಣ್ಣ ‘ಐ’ ಗುರುತು ಬರುತ್ತದೆ. ವಾಟ್ಸಾಪ್ ಕಾಲ್‌ನಲ್ಲಿ ನಿಮ್ಮ ದನಿ ಆಚೆಯವರಿಗೆ ಕೇಳುತ್ತಿಲ್ಲವೇ? ಅಲ್ಲೇ ಪರ್ಮಿಷನ್ಸ್‌ಗೆ ಹೋಗಿ ಮೈಕ್ರೋಫೋನ್‌ಗೆ ಅನುಮತಿ ಇದೆಯಾ ನೋಡಿ. ಆ್ಯಪ್ ನಿಧಾನವಾಗಿದ್ದರೆ ಸ್ಟೋರೇಜ್‌ನಲ್ಲಿ ‘ಕ್ಲಿಯರ್ ಕ್ಯಾಶ್’ ಒತ್ತಿ, ತಾತ್ಕಾಲಿಕ ಫೈಲ್‌ಗಳಷ್ಟೇ ಹೋಗುತ್ತವೆ. ಪಕ್ಕದ ‘ಕ್ಲಿಯರ್ ಡೇಟಾ’ (ಕೆಲವು ಫೋನಿನಲ್ಲಿ ‘ಕ್ಲಿಯರ್ ಸ್ಟೋರೇಜ್’) ಮಾತ್ರ ದಯವಿಟ್ಟು ಮುಟ್ಟಬೇಡಿ. ಆ್ಯಪ್ ಹೊಸದಾಗಿ ಹಾಕಿದಂತಾಗುತ್ತದೆ, ಬ್ಯಾಕಪ್ ಇಲ್ಲದಿದ್ದರೆ ಚಾಟ್ ವಾಪಸ್ ಬರುವುದಿಲ್ಲ. ಎಷ್ಟೋ ಹಿರಿಯರ ಮೆಸೇಜುಗಳು ಹೀಗೇ ಹೋಗಿವೆ.

ನೀರು ಬಿಡುವ ಸಮಯ, ಸಭೆಯ ನೋಟಿಸ್ ವಾಟ್ಸಾಪ್ ಗುಂಪಿಗೆ ಹಾಕಿದ ಮೇಲೆ ಯಾರು ಓದಿದ್ದಾರೆ ಅಂತ ತಿಳಿಯಬೇಕೇ? ನೀವು ಕಳಿಸಿದ ಮೆಸೇಜನ್ನು ಒತ್ತಿ ಹಿಡಿದು, ಮೇಲಿನ ಮೂರು ಚುಕ್ಕಿ, ಆಮೇಲೆ ಇನ್ಫೋ. ಐಫೋನ್‌ನಲ್ಲಿ ಮೆಸೇಜನ್ನು ಎಡಕ್ಕೆ ಸರಿಸಿದರೆ ಸಾಕು. ‘ಡೆಲಿವರ್ಡ್’ ಕೆಳಗೆ ಹೆಸರಿದ್ದವರಿಗೆ ತಲುಪಿದೆ, ಇನ್ನೂ ತೆರೆದಿಲ್ಲ. ಅವರಿಗೊಂದು ಫೋನ್ ಮಾಡಿ. ನೀಲಿ ಟಿಕ್ (ಓದಿದ ಗುರುತು) ಆಫ್ ಮಾಡಿಕೊಂಡವರು ಓದಿದ್ದೂ ಗುಂಪಿನಲ್ಲಿ ಕಾಣುತ್ತದೆ.