ಬಡಾವಣೆಯ ಲಗೋರಿ ಆಟಕ್ಕೆ ಎಲ್ಲರನ್ನೂ ಸೇರಿಸಿಕೊಳ್ಳುವ ಬಗೆ

ಹುಬ್ಬಳ್ಳಿ-ಧಾರವಾಡದ ಯಾವುದೇ ಬಡಾವಣೆಯಲ್ಲಿ ಮಕ್ಕಳು, ಹಿರಿಯರು, ಗಾಲಿಕುರ್ಚಿ ಬಳಸುವವರು ಮತ್ತು ಅಂಧರು ಒಂದೇ ಅಂಗಳದಲ್ಲಿ ಆಡುವಂತೆ ವಾರದ ಕೂಟ ನಡೆಸಬೇಕೆಂದಿದ್ದರೆ, ಮೊದಲು ನೋಡಬೇಕಾದದ್ದು ಆಟವನ್ನಲ್ಲ, ಗೇಟನ್ನು. ಬೈಕುಗಳೂ ದನಗಳೂ ಬಾರದಿರಲೆಂದು ಉದ್ಯಾನದ ಬಾಗಿಲಿಗೆ ಹಾಕಿದ ಕಬ್ಬಿಣದ ಅಡ್ಡಪಟ್ಟಿಗಳು ಗಾಲಿಕುರ್ಚಿಯನ್ನೂ ತಡೆಯುತ್ತವೆ. ನಮ್ಮ ಮೊದಲ ಕೂಟದ ದಿನ ಒಬ್ಬ ಹುಡುಗ, ದೊಡ್ಡ ಗೇಟಿನ ಕೀಲಿಕೈ ಬರುವ ತನಕ, ಅರ್ಧ ತಾಸು ಹೊರಗೇ ಕುಳಿತಿದ್ದ. ಆದ್ದರಿಂದ ಟೇಪು ಹಿಡಿದು ಅಳೆಯಿರಿ: ದಾರಿ ಕನಿಷ್ಠ 90 ಸೆಂ.ಮೀ. ಅಗಲವಿರಬೇಕು, ಇಳಿಜಾರು ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದವಿರಬೇಕು.

ನಮ್ಮ ಎರೆಮಣ್ಣಿನ ಬಯಲು ಮಳೆಯಲ್ಲಿ ಗಾಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರುಕುಬಿಟ್ಟು ಊರುಗೋಲಿನ ತುದಿಯನ್ನೂ ಗಾಲಿಕುರ್ಚಿಯ ಮುಂದಿನ ಸಣ್ಣ ಗಾಲಿಯನ್ನೂ ನುಂಗುತ್ತದೆ; ಫರಸಿ ಹಾಸಿದ ಅಂಗಳವೇ ಮೇಲು. ಹುಬ್ಬಳ್ಳಿ-ಧಾರವಾಡದ ನಡುವೆ ಪ್ರತ್ಯೇಕ ಪಥದಲ್ಲಿ ಓಡುವ ಚಿಗರಿ ಬಸ್ಸಿನ ನಿಲ್ದಾಣದ ಕಟ್ಟೆ ಬಸ್ಸಿನ ನೆಲಕ್ಕೆ ಸಮನಾಗಿರುವುದರಿಂದ ನಿಲ್ದಾಣಕ್ಕೆ ಹತ್ತಿರದ ಜಾಗ ಅನುಕೂಲ, ಆದರೆ ಅಲ್ಲಿಂದ ಅಂಗಳದವರೆಗಿನ ದಾರಿಯನ್ನು ಖಾಲಿ ಗಾಲಿಕುರ್ಚಿ ತಳ್ಳಿಕೊಂಡು ನೀವೇ ಒಮ್ಮೆ ನಡೆದು ನೋಡಬೇಕು.

ಇನ್ನು ಆಟ. ನಡೆಯಲಾಗದವರ ಕೈಗೆ ಅಂಕ ಬರೆಯುವ ಹಾಳೆ ಕೊಟ್ಟು ಪಕ್ಕಕ್ಕೆ ಕೂರಿಸುವುದನ್ನು ಸೇರಿಸಿಕೊಳ್ಳುವುದು ಎನ್ನಲಾಗದು. ಬದಲಾಗಬೇಕಾದದ್ದು ಆಟದ ನಿಯಮ. ಲಗೋರಿಯ ಏಳು ಬಿಲ್ಲೆಗಳನ್ನು ನೆಲದ ಬದಲು ಮೊಣಕಾಲೆತ್ತರದ ಸ್ಟೂಲಿನ ಮೇಲೆ ಪೇರಿಸಿದರೆ ಬೆನ್ನು ಬಾಗದ ಅಜ್ಜಿಯೂ ಗಾಲಿಕುರ್ಚಿಯ ಹುಡುಗನೂ ಮತ್ತೆ ಕಟ್ಟಬಲ್ಲರು, ಬಿಲ್ಲೆಗಳ ಬದಲು ಖಾಲಿ ತಗಡಿನ ಡಬ್ಬಿಗಳಿದ್ದರೆ ಬಿದ್ದ ಸದ್ದು ಅಂಧ ಆಟಗಾರರಿಗೂ ತಿಳಿಯುತ್ತದೆ. ಟೆನಿಸ್ ಚೆಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಿಗಿಯಾಗಿ ಗಂಟು ಹಾಕಿರಿ. ಉರುಳುವಾಗ ಅದು ಸರಸರ ಎನ್ನುತ್ತದೆ. ಚೆಂಡನ್ನು ಎದುರಾಳಿಯ ಬೆನ್ನಿಗೆ ಹೊಡೆಯದೆ ನೆಲದಲ್ಲೇ ಉರುಳಿಸಬೇಕು, ಕಾಲಿಗೆ ಅಥವಾ ಗಾಲಿಗೆ ತಾಗಿದರೆ ಔಟು. ಅಂಧರ ಕ್ರಿಕೆಟ್ಟಿನಲ್ಲೂ ಸದ್ದು ಮಾಡುವ ಚೆಂಡನ್ನು ಕೆಳಗೈಯಿಂದಲೇ ಎಸೆಯುತ್ತಾರೆ. ಎಸೆಯಲು ಮೂರು ಗೆರೆ ಎಳೆದು, ಯಾವುದೆಂದು ಆಡುವವರೇ ಆರಿಸಿಕೊಳ್ಳಲಿ; ವಯಸ್ಸು ನೋಡಿ ನೀವು ಗೊತ್ತುಮಾಡಿದರೆ ಅಜ್ಜಂದಿರು ಮುನಿಸಿಕೊಳ್ಳುತ್ತಾರೆ, ಆ ಮುನಿಸು ನ್ಯಾಯವೂ ಹೌದು. ಸೀಟಿಯ ಜೊತೆಗೆ ಕೆಂಪು ಬಟ್ಟೆ ಬೀಸಿದರೆ ಕಿವಿ ಕೇಳದವರಿಗೂ ಆಟ ನಿಂತದ್ದು ತಿಳಿಯುತ್ತದೆ. ಕರ್ಕಶ ಸದ್ದಿಗೆ ಬೆದರುವ ಮಕ್ಕಳಿದ್ದರೆ ಸೀಟಿ ಬಿಟ್ಟು ಬಾಯಲ್ಲೇ ಕೂಗಿರಿ.

ಗಾಲಿಕುರ್ಚಿಯನ್ನು ಕೇಳದೆ ತಳ್ಳಬಾರದು. ಅಂಧರನ್ನು ಎಳೆದೊಯ್ಯದೆ, ನಿಮ್ಮ ಮೊಣಕೈ ಹಿಡಿದುಕೊಳ್ಳಲು ಕೊಡಿ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರಿಗೆ, ಅಂಗವಿಕಲರೂ ಸೇರಿದಂತೆ, ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಬೇಕು. 65 ದಾಟಿದವರಿಗೆ ವಾರಕ್ಕೆ ಕನಿಷ್ಠ ಮೂರು ದಿನ ಸಮತೋಲನ ಮತ್ತು ಬಲ ಹೆಚ್ಚಿಸುವ ವ್ಯಾಯಾಮವೂ ಬೇಕು. ವಾರಕ್ಕೊಂದು ಲಗೋರಿಯಿಂದ ಇದು ತುಂಬದ ಕಾರಣ, ಗೋಡೆಗೆ ಒತ್ತಿದ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದನ್ನು ಹಿರಿಯರಿಗೆ ಮನೆಯಲ್ಲಿ ಮಾಡಲು ಕಲಿಸಿರಿ. ಮಾತಾಡಬಹುದು, ಹಾಡಲಾಗದು ಎನ್ನುವಷ್ಟು ಏದುಸಿರು ಸಾಕು. ಎದೆ ನೋವು ಅಥವಾ ತಲೆಸುತ್ತು ಬಂದರೆ ಆಟ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ರಕ್ತದ ಸಕ್ಕರೆ ಕುಸಿದರೆ ಕೊಡಲು ಬೆಲ್ಲವೋ ಸಕ್ಕರೆಯೋ ಚೀಲದಲ್ಲಿರಲಿ.

ಗೇಟು ಸರಿಪಡಿಸಲು ಅರ್ಜಿ ಕೊಡುವಾಗ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29 ಮತ್ತು 30ನೇ ಕಲಮುಗಳನ್ನು ನಮೂದಿಸಿರಿ. ಮನರಂಜನೆ ಮತ್ತು ಕ್ರೀಡೆಯ ವಿಷಯ ಅವುಗಳಲ್ಲಿದೆ. ಅಳತೆ ಬರೆದ ನಕ್ಷೆಯನ್ನೂ ಫೋಟೋವನ್ನೂ ಲಗತ್ತಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬನ್ನಿ.