ಪ್ಯಾಡ್ ಮೊದಲು, ರೋಟರ್ ಆಮೇಲೆ: ಕೊಡಗಿನ ಇಳಿಜಾರಿಗೆ ಎಂಟಿಬಿ ಡಿಸ್ಕ್ ಬದಲಿಸಿದ ಬಗೆ

ಎಂಟಿಬಿಗೆ, ಅಂದರೆ ಗುಡ್ಡದ ದಾರಿಯ ಸೈಕಲ್‌ಗೆ, ಡಿಸ್ಕ್ ಪ್ಲೇಟ್ (ಚಕ್ರದ ಜೊತೆ ತಿರುಗುವ ಬ್ರೇಕಿನ ಉಕ್ಕಿನ ತಟ್ಟೆ, ಅದೇ ರೋಟರ್) ಬೇಕೆಂದು ಅಂಗಡಿಯಲ್ಲಿ ಕೇಳಿದರೆ ‘160ಓ, 180ಓ?’ ಎಂದು ಮಿ.ಮೀ. ಲೆಕ್ಕದ ವ್ಯಾಸ ಕೇಳುವುದೇ ಮೊದಲ ಪ್ರಶ್ನೆ. ಆ ಲೆಕ್ಕವೂ ಬೇಕು. ಆದರೆ ನಾನು ಆಯ್ಕೆ ಶುರುಮಾಡಿದ್ದು ರೋಟರ್‌ನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಪ್ಯಾಡ್‌ನಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಸೈಕಲ್ ಹೊರಗೆ ತೆಗೆಯುವವರಿಗೆ ಕೊಡಗಿನಲ್ಲಿ ರೆಸಿನ್ (ರಾಳ ಬೆರೆಸಿ ಮಾಡಿದ) ಪ್ಯಾಡ್ ಹೆಚ್ಚು ದಿನ ಬರುವುದಿಲ್ಲ. ಕಾಫಿ ತೋಟದ ದಾರಿಯ ಕೆಂಪು ಕೆಸರಿನಲ್ಲಿರುವ ಸಣ್ಣ ಮರಳು ಪ್ಯಾಡ್‌ಗೂ ರೋಟರ್‌ಗೂ ನಡುವೆ ಸಿಕ್ಕಿ ಉಪ್ಪುಕಾಗದದಂತೆ ತೇಯುತ್ತದೆ. ಮಾಂದಲಪಟ್ಟಿಯಂಥ ಜೀಪ್ ದಾರಿಯಲ್ಲಿ ಬ್ರೇಕ್ ಹಿಡಿದೇ ಇಳಿಯಬೇಕಾದಾಗ ಈ ಸವೆತ ಇನ್ನೂ ಜೋರು. ಹಾಗಾಗಿ ಮಳೆಗಾಲಕ್ಕೆ ಲೋಹದ ಪುಡಿಯಿಂದ ಮಾಡಿದ ಮೆಟಲ್ ಪ್ಯಾಡ್. ಸದ್ದು ಸ್ವಲ್ಪ ಹೆಚ್ಚು, ಬಿಸಿಯಾಗುವವರೆಗೆ ಹಿಡಿತ ಕಮ್ಮಿ, ಆದರೆ ಒದ್ದೆಯಲ್ಲಿ ಬಾಳಿಕೆ ಬರುತ್ತದೆ.

ಮೆಟಲ್ ಪ್ಯಾಡ್ ಎಂದು ನಿಶ್ಚಯವಾದ ಮೇಲೆ ಎಷ್ಟೋ ರೋಟರ್‌ಗಳು ತಾವಾಗಿಯೇ ಪಟ್ಟಿಯಿಂದ ಹೊರಗೆ. ಸೈಕಲ್ ಬಿಡಿಭಾಗ ಮಾಡುವ ಶಿಮಾನೋ ಕಂಪನಿಯ ಆರ್‌ಟಿ10, ಆರ್‌ಟಿ26, ಆರ್‌ಟಿ30, ಆರ್‌ಟಿ54, ಆರ್‌ಟಿ56 ಇವೆಲ್ಲ ರೆಸಿನ್ ಪ್ಯಾಡ್‌ಗೆ ಮಾತ್ರ. ರೋಟರ್‌ನ ಮೇಲೇ ‘ರೆಸಿನ್ ಪ್ಯಾಡ್ ಓನ್ಲಿ’ ಎಂದು ಅಚ್ಚು ಹಾಕಿರುತ್ತಾರೆ. ಇವುಗಳ ಉಕ್ಕು ಮೆತ್ತಗೆ. ಮೆಟಲ್ ಪ್ಯಾಡ್ ಹಾಕಿದರೆ ಗೀರುಬಿದ್ದು ಬೇಗ ತೆಳ್ಳಗಾಗುತ್ತವೆ. ಹೊಸ ಸೈಕಲ್‌ಗಳಲ್ಲಿ, ಅದರಲ್ಲೂ ಕಡಿಮೆ ಬೆಲೆಯವುಗಳಲ್ಲಿ, ಕಂಪನಿಯಿಂದ ಬರುವುದು ಹೆಚ್ಚಾಗಿ ಇಂಥವೇ. ನಾನು ಹಾಕಿದ್ದು ಆರ್‌ಟಿ66. ಆರು ಬೋಲ್ಟಿನದು, ರೆಸಿನ್ ಮತ್ತು ಮೆಟಲ್ ಎರಡಕ್ಕೂ ಆಗುತ್ತದೆ. ಚಕ್ರದ ನಡುವಿನ ಹಬ್ ಬೋಲ್ಟಿಲ್ಲದ ಸೆಂಟರ್ ಲಾಕ್ ಬಗೆಯದಾದರೆ ಅದೇ ದರ್ಜೆಯಲ್ಲಿ ಆರ್‌ಟಿ64 ಇದೆ. ಒಂದು ಎಚ್ಚರಿಕೆ: ಕೆಲವು ಕೆಳದರ್ಜೆಯ ಬ್ರೇಕ್‌ಗಳಿಗೆ ಕಂಪನಿ ರೆಸಿನ್ ಪ್ಯಾಡ್ ಮಾತ್ರ ಹೇಳಿರುತ್ತದೆ. ರೋಟರ್ ತರಿಸುವ ಮುಂಚೆ ಪ್ಯಾಡ್‌ಗಳನ್ನು ಒಳಗಿಟ್ಟುಕೊಂಡು ಒತ್ತುವ ಕ್ಯಾಲಿಪರ್‌ನ ಕೈಪಿಡಿಯನ್ನೂ ನೋಡಿ.

ಇನ್ನು ಹಬ್‌ಗೆ ಕೂರುವ ಬಗೆ. ಆರು ಬೋಲ್ಟಿನ ರೋಟರ್ ಎಂಟಿಬಿ ಹಬ್‌ಗಳಿಗೆ ಬಹುಮಟ್ಟಿಗೆ ಒಂದೇ ಅಳತೆ: ಎದುರುಬದುರು ತೂತುಗಳ ನಡುಮಧ್ಯದಿಂದ ನಡುಮಧ್ಯಕ್ಕೆ 44 ಮಿ.ಮೀ., ಅಕ್ಕಪಕ್ಕದ ತೂತುಗಳಿಗೆ 22 ಮಿ.ಮೀ. ಹೆಸರಿಲ್ಲದ ಹಬ್ ಆದರೆ ಸ್ಕೇಲ್ ಇಟ್ಟು ಈ 22 ನೋಡಿಕೊಂಡರೆ ಸಾಕು. ಬೋಲ್ಟ್ ಎಂ5, ಕೀಲಿ ಟಿ25 ಟಾರ್ಕ್ಸ್. ಸೆಂಟರ್ ಲಾಕ್‌ನಲ್ಲಿ ಹಲ್ಲಿನ ಮೇಲೆ ರೋಟರ್ ಕೂತು ಲಾಕ್‌ರಿಂಗ್ ಬಿಗಿಯಾಗುತ್ತದೆ, 40 ನ್ಯೂಟನ್ ಮೀಟರ್. ಸೆಂಟರ್ ಲಾಕ್ ಹಬ್‌ಗೆ ಅಡಾಪ್ಟರ್ ಹಾಕಿ ಆರು ಬೋಲ್ಟಿನ ರೋಟರ್ ಕೂರಿಸಬಹುದು. ಆರು ಬೋಲ್ಟಿನ ಹಬ್‌ಗೆ ಸೆಂಟರ್ ಲಾಕ್ ರೋಟರ್ ಕೂರುವುದಿಲ್ಲ. ಲಾಕ್‌ರಿಂಗ್‌ನಲ್ಲೂ ಎರಡು ಜಾತಿ: ಒಳಹಲ್ಲಿನದಕ್ಕೆ ಕ್ಯಾಸೆಟ್ ಬಿಚ್ಚುವ ಟೂಲ್ ಸಾಕು, ಹಬ್‌ನೊಳಗೆ ತೂರುವ ದಪ್ಪ ಅಚ್ಚಿನ (ಥ್ರೂ ಆಕ್ಸಲ್) ಹೊರಹಲ್ಲಿನದಕ್ಕೆ ಬಾಟಮ್ ಬ್ರಾಕೆಟ್ ಟೂಲ್ ಬೇಕು.

ದಪ್ಪವನ್ನು ಯಾರೂ ಕೇಳುವುದಿಲ್ಲ. ಶಿಮಾನೋ ರೋಟರ್ ಹೊಸದರಲ್ಲಿ 1.8 ಮಿ.ಮೀ., 1.5ಕ್ಕೆ ಇಳಿದರೆ ತೆಗೆದುಹಾಕಬೇಕು. ಸ್ರಾಮ್ ಕಂಪನಿಯ ಸೆಂಟರ್‌ಲೈನ್ ರೋಟರ್ 1.85, ಎಚ್‌ಎಸ್2 ಬರೋಬ್ಬರಿ 2.0. ಟಿಆರ್‌ಪಿ ಕಂಪನಿಯಲ್ಲಿ 2.3ರದೂ ಇದೆ. 1.8ಕ್ಕೆ ಮಾಡಿದ ಕ್ಯಾಲಿಪರ್‌ನೊಳಗೆ 2.3 ತುರುಕಿದರೆ ಪ್ಯಾಡ್ ತಳ್ಳುವ ಪಿಸ್ಟನ್ ಪೂರ್ತಿ ಹಿಂದಕ್ಕೆ ಹೋದರೂ ಚಕ್ರ ಸಲೀಸಾಗಿ ತಿರುಗದು. ಹಳೆ ರೋಟರ್‌ನ ಸವೆತ ಅಳೆಯುವಾಗ ವರ್ನಿಯರ್‌ನ ಅಗಲ ಬಾಯಿಯನ್ನು ಅಂಚಿನಿಂದ ಹಾಕಿ ಅಳೆದರೆ ತಪ್ಪು ಲೆಕ್ಕ ಬರುತ್ತದೆ. ಪ್ಯಾಡ್ ತಾಗದ ಹೊರ ಅಂಚಿನಲ್ಲಿ ತೆಳುವಾದ ದಿಬ್ಬ ಉಳಿದಿರುತ್ತದೆ. ಉಗುರಿನಿಂದ ಸವರಿದರೆ ಗೊತ್ತಾಗುತ್ತದೆ. ವರ್ನಿಯರ್ ಅಳೆಯುವುದು ಆ ದಿಬ್ಬವನ್ನು. ಸ್ಕ್ರೂಗೇಜ್ ಇದ್ದರೆ ಉತ್ತಮ, ಇಲ್ಲದಿದ್ದರೆ ರೋಟರ್‌ನ ಎರಡೂ ಬದಿಗೆ ಒಂದೊಂದು ರೂಪಾಯಿ ನಾಣ್ಯ ಒತ್ತಿ ಹಿಡಿದು ಒಟ್ಟು ಅಳೆದು, ನಾಣ್ಯಗಳ ದಪ್ಪ ಕಳೆಯಿರಿ. ನಾಣ್ಯ ದಿಬ್ಬದ ಮೇಲೆ ಏರದೆ ಒಳಗೇ ಇರಬೇಕು.

ವ್ಯಾಸದ ವಿಷಯಕ್ಕೆ ಬಂದರೆ, ಮುಂದೆ 180, ಹಿಂದೆ 160 ಮಾಡಿದೆ. ಇಳಿಜಾರಿನಲ್ಲಿ ಭಾರವೆಲ್ಲ ಮುಂದಿನ ಚಕ್ರಕ್ಕೆ ಬೀಳುತ್ತದೆ, ಹಿಂದಿನದು ದೊಡ್ಡದಾದಷ್ಟೂ ಜಾರುವುದೇ ಹೆಚ್ಚು. 160ರಿಂದ 180ಕ್ಕೆ ಹೋದರೆ ಬ್ರೇಕ್ ಲಿವರ್‌ನ ಅದೇ ಒತ್ತಡಕ್ಕೆ ಸುಮಾರು ಶೇ. 12ರಷ್ಟು ಹೆಚ್ಚು ಹಿಡಿತ, ಜೊತೆಗೆ ಬಿಸಿ ಹರಡಲು ಹೆಚ್ಚು ಜಾಗ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಈ ಎರಡನೆಯದೇ ಉಪಕಾರ. 203ಕ್ಕೆ ಹೋಗುವ ಮುಂಚೆ ಫೋರ್ಕ್ ಮತ್ತು ಫ್ರೇಮ್‌ಗೆ ಕಂಪನಿ ಹೇಳಿದ ಗರಿಷ್ಠ ಅಳತೆ ನೋಡಲೇಬೇಕು.

ರೋಟರ್ ದೊಡ್ಡದಾದರೆ ಕ್ಯಾಲಿಪರ್ ಮೇಲೇರಬೇಕು, ಅದಕ್ಕೆ ಅಡಾಪ್ಟರ್. ನನ್ನ ಫೋರ್ಕ್‌ನಲ್ಲಿ ಕ್ಯಾಲಿಪರ್ ಕೂರುವ ಜಾಗ (ಮೌಂಟ್) 160ರ ಪೋಸ್ಟ್ ಮೌಂಟ್ ಬಗೆಯದು, ಬೋಲ್ಟ್‌ಗಳ ಅಂತರ 74 ಮಿ.ಮೀ. ಅದಕ್ಕೆ ಪ್ಲಸ್ 20ರ ಅಡಾಪ್ಟರ್ ಕೂರುತ್ತದೆ. ಹಳೆ ಫ್ರೇಮ್‌ಗಳಲ್ಲಿ 51 ಮಿ.ಮೀ. ಅಂತರದ, ಐಎಸ್ ಎಂಬ ಇನ್ನೊಂದು ಬಗೆಯ ಮೌಂಟ್ ಇರುತ್ತದೆ. ಅಲ್ಲಿ ಮುಂದಿನ 180ರ ಅಡಾಪ್ಟರ್ ಹಿಂದೆ 160ಕ್ಕೆ ಸರಿಹೋಗುತ್ತದೆ, ಆದ್ದರಿಂದಲೇ ಅದರ ಮೇಲೆ ‘ಎಫ್180 ಆರ್160’ ಎಂದಿರುವುದು. ಸ್ರಾಮ್‌ನ 200ರ ಜಾಗಕ್ಕೆ ಶಿಮಾನೋದ 203 ಹಾಕುವವರು ಕ್ಯಾಲಿಪರ್‌ಗೂ ಅದು ಕೂರುವ ಜಾಗಕ್ಕೂ ನಡುವೆ, ಎರಡೂ ಬೋಲ್ಟ್‌ಗಳಿಗೆ 1.5 ಮಿ.ಮೀ. ವಾಷರ್ ಕೊಡಬೇಕು.

‘ಒಂದೆರಡು ಮಿಲಿಮೀಟರ್ ತಾನೇ’ ಎಂದು ಬಿಡುವ ಜಾಗ ಇದೇ. ಕ್ಯಾಲಿಪರ್ ಹೆಚ್ಚು ಎತ್ತರದಲ್ಲಿದ್ದರೆ ಪ್ಯಾಡ್‌ನ ಮೇಲಂಚು ರೋಟರ್‌ನಿಂದ ಹೊರಗೆ ಉಳಿಯುತ್ತದೆ. ರೋಟರ್ ತಾಗಿದ ಭಾಗ ಸವೆಯುತ್ತದೆ, ಹೊರಗುಳಿದದ್ದು ಹಾಗೇ ಇರುತ್ತದೆ. ಪ್ಯಾಡ್ ತೆಳ್ಳಗಾಗುತ್ತ ಬಂದ ಹಾಗೆ ಎರಡೂ ಬದಿಯ ಈ ದಂಡೆಗಳು ಒಂದಕ್ಕೊಂದು ತಾಗುತ್ತವೆ. ಆಗ ಲಿವರ್ ಗಟ್ಟಿಯಾಗಿಯೇ ಇರುತ್ತದೆ, ಸೈಕಲ್ ಮಾತ್ರ ನಿಲ್ಲುವುದಿಲ್ಲ. ತೀರಾ ಕೆಳಗಿದ್ದರೆ ಪ್ಯಾಡ್ ರೋಟರ್‌ನ ಕೈಗಳಿಗೆ ಉಜ್ಜಿ ಟರ್‌ಟರ್ ಎನ್ನುತ್ತದೆ. ಸವೆತದ ಪಟ್ಟಿ ಅಗಲ ಕಡಿಮೆಯಿರುವ ರೋಟರ್‌ಗೆ ಎತ್ತರದ ಪ್ಯಾಡ್ ಹಾಕಿದಾಗಲೂ ಇದೇ ಕಥೆ. ಟಾರ್ಚ್ ಬಿಟ್ಟು ಕ್ಯಾಲಿಪರ್‌ನ ಕಿಂಡಿಯಿಂದ ನೋಡಿ: ಪ್ಯಾಡ್‌ನ ಮೇಲಂಚು ರೋಟರ್‌ನ ಅಂಚಿಗೆ ಸಮ ಅಥವಾ ಕೂದಲೆಳೆಯಷ್ಟು ಕೆಳಗಿರಬೇಕು.

ಬಿಚ್ಚುವಾಗ ಟಾರ್ಕ್ಸ್ ತಲೆಯೊಳಗೆ ಒಣಗಿ ಕಲ್ಲಾದ ಕೆಂಪು ಮಣ್ಣನ್ನು ಮೊದಲು ಸೂಜಿಯಿಂದ ಕೆದಕಿ ತೆಗೆಯಬೇಕು. ಕೀಲಿ ತಳದವರೆಗೆ ಕೂರದೆ ತಿರುಗಿಸಿದರೆ ತಲೆ ಕೆತ್ತಿಹೋಗುತ್ತದೆ. ಬೋಲ್ಟ್ ಸಡಿಲವಾಗದಂತೆ ಹಚ್ಚುವ ಲಾಕ್‌ಟೈಟ್ ಅಂಟು ಹಿಡಿದು ಕೂತಿದ್ದರೆ ಸೋಲ್ಡರಿಂಗ್ ಐರನ್‌ನಿಂದ ಬೋಲ್ಟ್ ಬಿಸಿ ಮಾಡಿದರೆ ಸಡಿಲವಾಗುತ್ತದೆ. ಹೊಸ ರೋಟರ್ ಕೂರಿಸುವಾಗ ಅದರ ಮೇಲಿನ ಬಾಣ ಚಕ್ರ ಮುಂದಕ್ಕೆ ತಿರುಗುವ ದಿಕ್ಕಿಗಿರಲಿ. ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಶಿಮಾನೋ ಹೇಳುವುದು 2ರಿಂದ 4 ನ್ಯೂಟನ್ ಮೀಟರ್, ಸ್ರಾಮ್ 6.2. ಹಬ್ ಅಲ್ಯುಮಿನಿಯಂ ಆದ್ದರಿಂದ ತೋಳಿನ ಬಲ ತೋರಿಸಿದರೆ ಥ್ರೆಡ್ ಹೋಗುತ್ತದೆ.

ಹಳೆಯದು ತೆಳುವಾಗಿದ್ದರಿಂದ ಪಿಸ್ಟನ್‌ಗಳು ಮುಂದಕ್ಕೆ ಬಂದಿರುತ್ತವೆ. ಸುತ್ತ ಒರೆಸಿ, ಪ್ಲಾಸ್ಟಿಕ್ ಟೈರ್ ಲಿವರ್‌ನಿಂದ ಹಿಂದಕ್ಕೆ ಒತ್ತಿ, ಹೊಸ ಪ್ಯಾಡ್ ಹಾಕಿ. ಕೆಸರು ಮೆತ್ತಿದ ಪಿಸ್ಟನ್ ಹಾಗೇ ಒತ್ತಿದರೆ ಸೀಲ್ ಹಾಳು. ಆಮೇಲೆ ಕ್ಯಾಲಿಪರ್ ಬೋಲ್ಟ್ ಸಡಿಲಿಸಿ, ಲಿವರ್ ಹಿಡಿದುಕೊಂಡೇ 6ರಿಂದ 8 ನ್ಯೂಟನ್ ಮೀಟರ್‌ಗೆ ಬಿಗಿಯುವುದು. ರೋಟರ್‌ನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ವೀಡ್ ಕಟರ್ ಒರೆಸಿದ ಬಟ್ಟೆಯಂತೂ ಹತ್ತಿರ ಬರಕೂಡದು. ಪ್ಯಾಡ್ ಒಮ್ಮೆ ಎಣ್ಣೆ ಕುಡಿದರೆ ಮುಗಿಯಿತು.

ಹೊಸ ಪ್ಯಾಡ್ ರೋಟರ್‌ಗೆ ಹೊಂದಿಕೊಂಡು ಹಿಡಿತ ಕೂರಲು ಒಣ ಟಾರು ರಸ್ತೆ ಬೇಕು. ಸಾಧಾರಣ ವೇಗದಿಂದ 20 ಸಲ, ಇನ್ನೂ ಸ್ವಲ್ಪ ವೇಗದಿಂದ 10 ಸಲ, ನಡಿಗೆಯ ವೇಗಕ್ಕೆ ಇಳಿಸಬೇಕು. ಪೂರ್ತಿ ನಿಲ್ಲಿಸಬಾರದು, ಚಕ್ರ ಲಾಕ್ ಆಗಬಾರದು. ನಿಂತುಬಿಟ್ಟರೆ ಪ್ಯಾಡ್‌ನ ಪದರ ಒಂದೇ ಕಡೆ ಅಂಟಿ, ಆಮೇಲೆ ಬ್ರೇಕ್ ಹಿಡಿದಾಗೆಲ್ಲ ಹ್ಯಾಂಡಲ್ ನಡುಗುತ್ತದೆ.

ಮೊದಲ ಮಳೆಯ ಓಡಾಟದ ನಂತರ ಬೋಲ್ಟ್‌ಗಳನ್ನು ಮತ್ತೊಮ್ಮೆ ಪರೀಕ್ಷಿಸಿ. ಸರ್ರ್ ಎಂಬ ಸದ್ದು ಬಿಡದೆ ಬಂದರೆ ಅದು ಮರಳು, ನೀರು ಹಾಯಿಸಿದರೆ ಹೋಗುತ್ತದೆ. ಚಕ್ರದ ಸುತ್ತಿಗೊಮ್ಮೆ ಮಾತ್ರ ಉಜ್ಜಿದರೆ ರೋಟರ್ ಬಾಗಿದೆ ಎಂದರ್ಥ. ಆ ಜಾಗಕ್ಕೆ ಮಾರ್ಕರ್‌ನಿಂದ ಗುರುತು ಹಾಕಿ, ತಣ್ಣಗಿದ್ದಾಗ ರೋಟರ್ ನೆಟ್ಟಗೆ ಮಾಡುವ ಟೂಲ್‌ನಿಂದ ನಿಧಾನಕ್ಕೆ ಸರಿಪಡಿಸಬಹುದು.